ಗ್ಯಾರೇಜಿನಲ್ಲಿ ಸಿಕ್ಕ ಹಳೆಯ ಷೆವರ್ಲೆ ಎಂಜಿನ್: ಅಸಲಿಯೇ, ಬೆಲೆ ಎಷ್ಟು?

ಪ್ರಶ್ನೆ: ನಾನು ಹಾಸನದ ಕಡೆಯವನು, ಈಗ ಮಿಶಿಗನ್‌ನಲ್ಲಿ ಡೆಟ್ರಾಯಿಟ್ ಹೊರವಲಯದ ನಿವಾಸಿ. ನಾವು ಕೊಂಡ ಹಳೆಯ ಮನೆಯ ಗ್ಯಾರೇಜಿನಲ್ಲಿ ಮರದ ಹಲಗೆಗಳ ಮೇಲೆ ಒಂದು ದೊಡ್ಡ ವಿ8 ಎಂಜಿನ್ ಇತ್ತು. ಮೊದಲಿನ ಮಾಲೀಕರು ತೀರಿಕೊಂಡಿದ್ದರು. ಅವರ ಮಗ ‘ಎತ್ತಿಸಲು ಆಗುವುದಿಲ್ಲ, ನೀವೇ ಇಟ್ಟುಕೊಳ್ಳಿ’ ಎಂದು ಹೇಳಿ ಹೋದರು. ಎಂಜಿನ್‌ಗೆ ಕಟ್ಟಿದ್ದ ಚೀಟಿಯಲ್ಲಿ ‘427 ಎಲ್88, 1968’ ಎಂದು ಬರೆದಿದೆ. ಹಿಂಭಾಗದಲ್ಲಿ 3963512 ಎಂಬ ಉಬ್ಬು ಸಂಖ್ಯೆ, ಬೇರೊಂದು ಕಡೆ ‘ಎಫ್ 12 9’ ಎಂಬ ಉಬ್ಬು ಗುರುತು ಇವೆ. ಮುಂಭಾಗದ ನಯವಾದ ಜಾಗದಲ್ಲಿ ‘ಟಿ0319ಐಟಿ’ ಎಂದು ಕೊರೆದಿದೆ. ಸಿಲಿಂಡರ್ ಹೆಡ್‌ಗಳಿಗೆ ಅಯಸ್ಕಾಂತ ಅಂಟುತ್ತದೆ. ಜೊತೆಯಲ್ಲಿ ಒಂದು ರಟ್ಟಿನ ಡಬ್ಬಿಯಲ್ಲಿ ‘ಹಾಲಿ’ ಎಂಬ ಕಂಪನಿಯ ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇದೆ. ಸ್ಥಳೀಯರೊಬ್ಬರು ನೋಡಿ, 4,500 ಡಾಲರ್ ನಗದು ಕೊಟ್ಟು ಇವತ್ತೇ ಒಯ್ಯುತ್ತೇನೆ ಎನ್ನುತ್ತಾರೆ. ಸಹೋದ್ಯೋಗಿಯೊಬ್ಬರು ‘ಎಲ್88 ಆದರೆ ಲಕ್ಷ ಡಾಲರ್, ಅವಸರ ಮಾಡಬೇಡ’ ಎನ್ನುತ್ತಾರೆ. ಇದು ಅಸಲಿಯೇ? ಉಜ್ಜಿ ಬಣ್ಣ ಹೊಡೆದು, ಒಮ್ಮೆ ಚಾಲೂ ಮಾಡಿ ತೋರಿಸಿದರೆ ಹೆಚ್ಚು ಬೆಲೆ ಬರುವುದೇ? ಮಾರಲು ನನಗೆ ಹಕ್ಕಿದೆಯೇ?

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. 4,500ಕ್ಕೆ ಕೊಟ್ಟುಬಿಟ್ಟರೆ ಲಕ್ಷ ಕೈತಪ್ಪಿತೇನೋ ಎಂಬ ಕೊರಗು; ಲಕ್ಷ ಕೇಳಿದರೆ ನಾಳೆ ಯಾರಾದರೂ ಮೋಸಗಾರ ಎಂದಾರೇನೋ ಎಂಬ ಅಳುಕು. ಮೊದಲನೆಯದನ್ನು ಈಗಲೇ ಬಿಡಬಹುದು. ನೀವು ಬರೆದು ಕಳಿಸಿದ ಸಂಖ್ಯೆಗಳನ್ನು ಸರಿಯಾಗಿ ಓದಿದ್ದರೆ ಇದು ಎಲ್88 ಅಲ್ಲ, ಅಂದರೆ ಷೆವರ್ಲೆಯ ಕಾರ್ವೆಟ್ ಸ್ಪೋರ್ಟ್ಸ್ ಕಾರಿನಲ್ಲಿ ಬಂದ ಆ ವಿರಳ ಎಂಜಿನ್ ಅಲ್ಲ. ಹಾಗೆಂದು ಗುಜರಿಗೆ ಹಾಕುವ ಕಬ್ಬಿಣವೂ ಅಲ್ಲ. ಬ್ಲಾಕ್‌ನಲ್ಲಿ, ಅಂದರೆ ಎಂಜಿನ್‌ನ ಮುಖ್ಯ ಎರಕದ ಮೈಯಲ್ಲಿ, ನೀವಿನ್ನೂ ನೋಡದ ಒಂದು ಜಾಗವಿದೆ. ಅದನ್ನು ನೋಡುವ ತನಕ 4,500ರವರಿಗೂ ಹೂಂ ಎನ್ನಬೇಡಿ.

ಅಲ್ಲವೆಂದು ಇಷ್ಟು ಖಚಿತವಾಗಿ ಹೇಳಲು ಆ ಮೂರು ಗುರುತುಗಳೇ ಸಾಕು. ಷೆವರ್ಲೆ ಬ್ಲಾಕ್‌ನ ಮೇಲಿನ ಗುರುತುಗಳು ಎರಡು ಜಾತಿಯವು. ಉಬ್ಬಿಕೊಂಡಿರುವವು ಎರಕದ ಜೊತೆಗೇ ಮೂಡಿದವು. ಅಚ್ಚಿನಲ್ಲೇ ಇದ್ದವು, ಆಮೇಲೆ ಬದಲಿಸುವುದು ಬಹಳ ಕಷ್ಟ. ತಗ್ಗಾಗಿ ಕೊರೆದಿರುವವು ಎಂಜಿನ್ ಜೋಡಿಸಿದ ಮೇಲೆ ಸುತ್ತಿಗೆಯ ಏಟಿನಿಂದ ಒತ್ತಿದವು. ಒಂದು ಅರ (ಲೋಹ ಉಜ್ಜುವ ಉಪಕರಣ), ಒಂದು ಸೆಟ್ ಅಕ್ಷರದ ಪಂಚು, ಒಂದು ಸುತ್ತಿಗೆ ಇದ್ದರೆ ಆ ಕೆಲಸವನ್ನು ಯಾರು ಬೇಕಾದರೂ ಮಾಡಬಲ್ಲರು. ಆದ್ದರಿಂದ ನಮ್ಮ ಕೆಲಸದಲ್ಲಿ ಮೊದಲು ಉಬ್ಬಿದ್ದನ್ನು ನಂಬುತ್ತೇವೆ, ಆಮೇಲೆ ಕೊರೆದದ್ದನ್ನು ಅದರೊಡನೆ ತಾಳೆ ನೋಡುತ್ತೇವೆ.

ನಿಮ್ಮ ‘ಎಫ್ 12 9’ ಎರಕದ ದಿನಾಂಕ. ಅಕ್ಷರ ತಿಂಗಳು, ಎ ಎಂದರೆ ಜನವರಿ, ಎಫ್ ಎಂದರೆ ಜೂನ್. ನಡುವಿನದು ದಿನ, ಕೊನೆಯದು ವರ್ಷದ ಕೊನೆಯ ಅಂಕಿ. 3963512 ಎಂಬ ಎರಕ 1969ರ 427 ಎಂಜಿನ್‌ಗಳಿಗೂ ನಂತರದ 454 ಎಂಜಿನ್‌ಗಳಿಗೂ (ಈ ಸಂಖ್ಯೆಗಳು ಘನ ಇಂಚುಗಳಲ್ಲಿ ಎಂಜಿನ್‌ನ ಗಾತ್ರ) ಬಳಕೆಯಾಗಿತ್ತು. ಹಾಗಾಗಿ ಆ 9 ಎಂದರೆ 1969. ಅಂದರೆ ನಿಮ್ಮ ಬ್ಲಾಕ್ 1969ರ ಜೂನ್ 12ರಂದು ಅಚ್ಚಿನಿಂದ ಹೊರಬಂದದ್ದು.

ಈಗ ಕೊರೆದದ್ದನ್ನು ಓದೋಣ. ‘ಟಿ’ ಎಂದರೆ ನ್ಯೂಯಾರ್ಕ್ ರಾಜ್ಯದ ಟೋನವಾಂಡ ಕಾರ್ಖಾನೆ. ಷೆವರ್ಲೆಯ ದೊಡ್ಡ ವಿ8ಗಳು ತಯಾರಾಗುತ್ತಿದ್ದದ್ದು ಅಲ್ಲೇ. 0319 ಎಂದರೆ ಮಾರ್ಚ್ 19, ಎಂಜಿನ್ ಜೋಡಿಸಿದ ದಿನ. ‘ಐಟಿ’ ಎಂಬುದು 1967 ಮತ್ತು 1968ರ ಕಾರ್ವೆಟ್‌ನ ಎಲ್88ರ ಸಂಕೇತ. ಚೀಟಿಯ ಮಾತನ್ನು ನಂಬಿದರೆ ಈ ಎಂಜಿನನ್ನು 1968ರ ಮಾರ್ಚ್‌ನಲ್ಲಿ ಜೋಡಿಸಿರಬೇಕು, ಅದರ ಬ್ಲಾಕ್ ಎರಕವಾಗುವುದಕ್ಕೆ ಸುಮಾರು ಹದಿನೈದು ತಿಂಗಳು ಮೊದಲು! ಇಲ್ಲ, ಅದು 1970ರ ಮಾರ್ಚ್ ಇರಬಹುದಲ್ಲ ಎಂದು ವಾದಿಸಬಹುದು. ಅಷ್ಟರಲ್ಲಿ ಎಲ್88 ನಿಂತುಹೋಗಿತ್ತು. 1970ರ ಮಾದರಿಯಿಂದ ಈ ಸಂಕೇತಗಳು ಎರಡಲ್ಲ, ಮೂರು ಅಕ್ಷರದವಾದವು. ಯಾವ ಬಾಗಿಲಿನಿಂದ ಹೋದರೂ ದಾರಿ ಮುಚ್ಚಿದೆ. ‘ಐಟಿ’ಯನ್ನು ಒತ್ತಿದ್ದು ಟೋನವಾಂಡ ಅಲ್ಲ.

ಪ್ರಶ್ನೆಯ ಜೊತೆ ನೀವು ಕಳಿಸಿದ, ಮುಂಭಾಗದ ನಯವಾದ ಜಾಗದ ಚಿತ್ರವೂ ಇದನ್ನೇ ಹೇಳುತ್ತದೆ. ಕಾರ್ಖಾನೆಯಲ್ಲಿ ಬ್ಲಾಕ್‌ನ ಮೇಲ್ಮೈಯನ್ನು ಬ್ರೋಚಿಂಗ್ ಯಂತ್ರದಲ್ಲಿ ಸಮತಟ್ಟು ಮಾಡುತ್ತಿದ್ದರು. ಆ ಕತ್ತಿ ಉದ್ದಕ್ಕೆ ಹಾದುಹೋದಾಗ ಮುಂದಿನಿಂದ ಹಿಂದಕ್ಕೆ ಕೂದಲೆಳೆಯಂಥ ನೇರ ಗೆರೆಗಳು ಉಳಿಯುತ್ತವೆ. ಒತ್ತಿದ ಅಕ್ಷರಗಳು ಆ ಗೆರೆಗಳ ಮೇಲೆ ಕೂತಿರಬೇಕು. ನಿಮ್ಮ ಚಿತ್ರದಲ್ಲಿ ಗೆರೆಗಳಿಲ್ಲ, ಕನ್ನಡಿಯಂಥ ನುಣುಪಿದೆ, ಒಂದು ಮೂಲೆಯಲ್ಲಿ ಸುತ್ತು ಸುತ್ತಾದ ಗೀರುಗಳಿವೆ. ಯಾರೋ ಅರೆದಿದ್ದಾರೆ. ಅರೆದದ್ದೆಲ್ಲ ದುರುದ್ದೇಶದಿಂದ ಎನ್ನುವ ಹಾಗಿಲ್ಲ. ಎಂಜಿನ್ ರಿಪೇರಿ ಮಾಡುವಾಗ, ಸಿಲಿಂಡರ್‌ಗಳನ್ನು ಮೇಲಿನಿಂದ ಮುಚ್ಚುವ ಹೆಡ್ ಕೂರುವ ಮುಖವನ್ನು ಮತ್ತೆ ಸಮ ಮಾಡಿಸುವುದು ಮಾಮೂಲಿ ಕೆಲಸ. ಸಂಕೇತ ಒತ್ತಿದ ಜಾಗವೂ ಅದೇ ಮುಖದ ಮುಂದುವರಿಕೆಯಾದ್ದರಿಂದ, ಎಚ್ಚರವಿಲ್ಲದ ಕೆಲಸಗಾರ ಅದನ್ನೂ ಸೇರಿಸಿ ಅರೆದುಬಿಡುತ್ತಾನೆ. ಅಲ್ಲಿಯವರೆಗೆ ಅದು ನಷ್ಟ ಮಾತ್ರ. ಖಾಲಿಯಾದ ಜಾಗದಲ್ಲಿ ‘ಐಟಿ’ ಎಂದು ಒತ್ತಿದಾಗ ಅದು ಮೋಸವಾಯಿತು.

ತೀರಿಕೊಂಡ ಆ ಹಿರಿಯರ ಮೇಲೆ ಸಂಶಯಪಡಲು ಹೋಗಬೇಡಿ. ಎಲ್88ರ ಬೆಲೆ ಏರಿದಂತೆ ಇಂಥ ಬ್ಲಾಕ್‌ಗಳು ಕೈಯಿಂದ ಕೈಗೆ ದಾಟಿವೆ. ಅವರೂ ಯಾರಿಂದಲೋ ಕೊಂಡು, ನಂಬಿ, ಆ ಚೀಟಿ ಕಟ್ಟಿಟ್ಟಿರಬಹುದು.

ಈ ಎರಡಕ್ಷರಕ್ಕೆ ಅಷ್ಟೊಂದು ಆಸೆ ಏಕೆ ಎಂದರೆ, ಎಲ್88 ನಿಜಕ್ಕೂ ವಿರಳ. 1967ರಲ್ಲಿ 20, 1968ರಲ್ಲಿ 80, 1969ರಲ್ಲಿ 116, ಒಟ್ಟು 216 ಕಾರ್ವೆಟ್‌ಗಳು ಮಾತ್ರ ಈ ಎಂಜಿನ್ ಹೊತ್ತು ಬಂದವು. ಇದು ಹೆಸರಿಗಷ್ಟೇ ರಸ್ತೆಯ ಎಂಜಿನ್, ಹುಟ್ಟಿದ್ದು ರೇಸಿಗಾಗಿ. 12.5ಕ್ಕೆ 1ರ ಸಂಪೀಡನ, ಅಲ್ಯೂಮಿನಿಯಂ ಹೆಡ್, ನಿಮಿಷಕ್ಕೆ 850 ಘನ ಅಡಿ ಗಾಳಿ ಎಳೆಯುವ ಹಾಲಿ ಕಾರ್ಬ್ಯುರೇಟರ್, 103 ಆಕ್ಟೇನ್‌ಗಿಂತ ಕಡಿಮೆ ಪೆಟ್ರೋಲ್ ಹಾಕಬೇಡಿ ಎಂಬ ಎಚ್ಚರಿಕೆಯ ಪಟ್ಟಿ. ಕಾಗದದ ಮೇಲೆ ಕಂಪನಿ 430 ಅಶ್ವಶಕ್ತಿ ಎಂದು ಬರೆಯಿತು. ಅದೇ ಕಾರಿನಲ್ಲಿ ಸಿಗುತ್ತಿದ್ದ ಎಲ್71 ಎಂಜಿನ್‌ಗೆ 435 ಎಂದು ಬರೆದಿತ್ತು. ಸಂಖ್ಯೆ ನೋಡಿ ಕೊಳ್ಳುವ ಸಾಮಾನ್ಯ ಗಿರಾಕಿ ಎಲ್88ರ ತಂಟೆಗೆ ಬಾರದಿರಲಿ ಎಂಬ ಜಾಣತನ ಅದು. ನಿಜವಾದ ಶಕ್ತಿ 500ನ್ನು ದಾಟುತ್ತಿತ್ತು. 2014ರಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲ್ ಹರಾಜಿನಲ್ಲಿ 1967ರ ಒಂದು ಎಲ್88 ಕಾರ್ವೆಟ್ 38.5 ಲಕ್ಷ ಡಾಲರ್‌ಗೆ ಹೋಯಿತು. ನಿಮ್ಮ ಸಹೋದ್ಯೋಗಿಯ ‘ಲಕ್ಷ’ದ ಬೇರು ಇಂಥ ಸುದ್ದಿಗಳಲ್ಲಿದೆ.

ಆದರೆ ಹರಾಜಿನಲ್ಲಿ ಹೋದದ್ದು ಕಾರು, ಬಿಡಿ ಎಂಜಿನ್ ಅಲ್ಲ. ಆ ಬೆಲೆ ನಿಂತಿರುವುದು ಕಬ್ಬಿಣದ ಮೇಲಲ್ಲ, ಕಾಗದದ ಮೇಲೆ: ಇಂಧನ ಟ್ಯಾಂಕಿನ ಮೇಲೆ ಅಂಟಿಸಿರುತ್ತಿದ್ದ ಕಾರ್ಖಾನೆಯ ಹಾಳೆ, ವಾರಂಟಿಯ ಲೋಹದ ಪಟ್ಟಿ, ರೇಸಿನ ದಾಖಲೆ, ಒಬ್ಬ ಮಾಲೀಕನಿಂದ ಇನ್ನೊಬ್ಬನಿಗೆ ಕಡಿಯದೆ ಬಂದ ಸರಪಳಿ. ಕಾರಿಲ್ಲದೆ ಒಂಟಿಯಾಗಿ ನಿಂತ ಅಸಲಿ ಎಲ್88 ಎಂಜಿನ್‌ಗೂ ಆ ಬೆಲೆಯ ಚೂರು ಮಾತ್ರ ದಕ್ಕುತ್ತದೆ. ಅದರ ಕಾರು ಇನ್ನೂ ಬದುಕಿದ್ದು, ಮಾಲೀಕ ತನ್ನ ಎಂಜಿನನ್ನೇ ಹುಡುಕುತ್ತಿದ್ದರೆ ಮಾತ್ರ ಲೆಕ್ಕ ಬೇರೆ.

‘427 ಎಂದಿದ್ದರೆ ಎಲ್88 ಆಗಿರಬಹುದು’ ಎಂಬುದು ಇನ್ನೊಂದು ನಂಬಿಕೆ. 427 ಎಂಬುದು ಘನ ಇಂಚುಗಳ ಲೆಕ್ಕ, ಸುಮಾರು 7 ಲೀಟರ್. ಇಂಪಾಲಾದಂಥ ದೊಡ್ಡ ಸಂಸಾರದ ಕಾರುಗಳಲ್ಲೂ 427 ಬಂದಿತ್ತು. ಭಾರದ ಟ್ರಕ್ಕುಗಳಿಗೂ ಒಂದು 427 ಇತ್ತು: ಬ್ಲಾಕ್ 0.4 ಇಂಚು ಎತ್ತರ, ಪಿಸ್ಟನ್‌ಗೆ ನಾಲ್ಕು ರಿಂಗು, ಸಾಮಾನು ಹೊರುವುದಷ್ಟೇ ಅದರ ಧರ್ಮ. ಅದಕ್ಕೆ ಕ್ರೋಮ್ ಮುಚ್ಚಳ ಹಾಕಿ ರೇಸ್ ಎಂಜಿನ್ ಎಂದು ಮಾರುವವರು ಈಗಲೂ ಇದ್ದಾರೆ. 512ರಲ್ಲಿ ಮುಗಿಯುವ ಸಂಖ್ಯೆಯ ನಿಮ್ಮ ಬ್ಲಾಕ್ ಟ್ರಕ್ಕಿನದಲ್ಲ, ಆ ಚಿಂತೆ ಬೇಡ. ಇನ್ನು, ಕಾರಿನ ಸಂಖ್ಯೆಯಿಲ್ಲದ ಎಲ್88ಗಳೂ ಇದ್ದವು ನಿಜ. ರೇಸಿನವರಿಗಾಗಿ ಷೆವರ್ಲೆ ಬಿಡಿಭಾಗದ ಕೌಂಟರಿನಲ್ಲೇ ಅಂಥವನ್ನು ಮಾರಿತ್ತು. ಆದರೆ ಅವುಗಳ ಮೇಲೆ ಕಾರ್ವೆಟ್‌ನ ‘ಐಟಿ’ ಇರಬೇಕಾದ ಕಾರಣವಿಲ್ಲ. ವಾರಂಟಿಯಲ್ಲಿ ಬದಲಿಸಿಕೊಟ್ಟ ಬ್ಲಾಕ್‌ಗಳಿಗೆ ‘ಸಿಇ’ ಎಂದು ಒತ್ತುತ್ತಿದ್ದರು. ನಿಮ್ಮದರಲ್ಲಿ ಅದೂ ಇಲ್ಲ. ಹೆಡ್‌ಗೆ ಅಯಸ್ಕಾಂತ ಅಂಟಿತು ಎಂದಮೇಲೆ ಅವು ಕಬ್ಬಿಣದವು. ಎಲ್88ರವು ಆಗುವ ಮಾತೇ ಇಲ್ಲ.

ಹಾಗಾದರೆ ಇದು ಏನು? ಜೂನ್ 1969ರ ಎರಕವಾದ್ದರಿಂದ ಇದು 427 ಆಗಿಯೇ ಹುಟ್ಟಿರುವ ಸಾಧ್ಯತೆ ಹೆಚ್ಚು. 454 ಬಂದದ್ದು 1970ರ ಮಾದರಿಗಳಿಗೆ. ಎರಡರ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, ಒಂದೇ, 4.251 ಇಂಚು. ಪಿಸ್ಟನ್ ಓಡಾಟ ಬೇರೆ: 427ಕ್ಕೆ 3.76 ಇಂಚು, 454ಕ್ಕೆ 4 ಇಂಚು. ಆದ್ದರಿಂದ ಮಧ್ಯೆ ಯಾರಾದರೂ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಬದಲಿಸಿದ್ದರೆ ಬ್ಲಾಕ್ ನೋಡಿ ಗೊತ್ತಾಗುವುದಿಲ್ಲ. ಏನನ್ನೂ ಬಿಚ್ಚದೆ ನೋಡಬಹುದಾದ ಸುಳಿವು ಮುಂಭಾಗದಲ್ಲಿದೆ. ಕ್ರ್ಯಾಂಕ್‌ನ ತುದಿಯಲ್ಲಿ ಕೂತಿರುವ ದಪ್ಪ ಚಕ್ರ, ಅಂದರೆ ಡ್ಯಾಂಪರ್, ಸುತ್ತಲೂ ಒಂದೇ ಸಮನಾಗಿದ್ದರೆ 427. ಒಂದು ಬದಿಗೆ ಮಾತ್ರ ತೂಕ ಹೆಚ್ಚಿಟ್ಟು ಇನ್ನೊಂದು ಬದಿ ಬಗೆದಂತಿದ್ದರೆ 454. ಆ ಎಂಜಿನ್‌ನ ಸಮತೋಲಕ್ಕೆ ಹೊರಗಿನ ತೂಕವೂ ಬೇಕು. ಇದು ಸುಳಿವೇ ಹೊರತು ಪುರಾವೆಯಲ್ಲ. ಆಯಿಲ್ ಸಂಪ್, ಅಂದರೆ ಎಂಜಿನ್ ತಳದ ಎಣ್ಣೆ ತಟ್ಟೆ, ಬಿಚ್ಚಿ ಕ್ರ್ಯಾಂಕ್‌ನ ಸಂಖ್ಯೆ ಓದಿದ ಮೇಲೆಯೇ ಮಾತು ಮುಗಿಯುವುದು. ಸಂಪ್ ಬಿಚ್ಚಿದಾಗ ಇನ್ನೂ ಎರಡು ಸಂಗತಿ ನೋಡಿಸಿ. ಕ್ರ್ಯಾಂಕ್‌ನ ಮೈಮೇಲಿನ ಜೋಡಿನ ಗೆರೆ ಅಗಲವಾಗಿದ್ದರೆ ಅದು ಬಡಿದು ಮಾಡಿದ ಉಕ್ಕು, ಸಣ್ಣ ದಾರದಂತಿದ್ದರೆ ಎರಕದ್ದು. ಉಕ್ಕಿನದಕ್ಕೆ ಬೆಲೆ ಹೆಚ್ಚು. ಕ್ರ್ಯಾಂಕನ್ನು ಹಿಡಿದಿರುವ ಬೇರಿಂಗ್ ಮುಚ್ಚಳಗಳನ್ನು ಎರಡೆರಡು ಬೋಲ್ಟ್ ಹಿಡಿದಿವೆಯೋ ನಾಲ್ಕು ನಾಲ್ಕೋ ಎಣಿಸಿ. ನಾಲ್ಕಿದ್ದರೆ ಕೊಳ್ಳುವವರ ಸಾಲು ಉದ್ದವಾಗುತ್ತದೆ.

ವಾಲ್ವ್ ಮುಚ್ಚಳಗಳನ್ನು ಎತ್ತುವುದು ನಿಮ್ಮಿಂದಲೇ ಆಗುತ್ತದೆ. ಹೆಡ್‌ನ ಎರಕದ ಸಂಖ್ಯೆ ಒಳಗೆ, ರಾಕರ್‌ಗಳ (ವಾಲ್ವ್ ಒತ್ತುವ ಸಣ್ಣ ತೋಳುಗಳ) ನಡುವೆ ಇರುತ್ತದೆ. 3919842 ಎಂದಿದ್ದರೆ ಸಂತೋಷಪಡಿ. ಅದು 1968-69ರ ಹೆಚ್ಚು ಶಕ್ತಿಯ ಎಂಜಿನ್‌ಗಳಿಗೆ ಹಾಕುತ್ತಿದ್ದ, ಅಗಲವಾದ ಆಯತಾಕಾರದ ಗಾಳಿಮಾರ್ಗವುಳ್ಳ ಕಬ್ಬಿಣದ ಹೆಡ್. ಒಡಕಿಲ್ಲದ ಜೋಡಿಯೊಂದಕ್ಕೇ ಪ್ರತ್ಯೇಕ ಗಿರಾಕಿಗಳಿದ್ದಾರೆ. ಎರಡೂ ಹೆಡ್‌ಗಳ ಸಂಖ್ಯೆ ಓದಿ, ದಿನಾಂಕಗಳನ್ನೂ ಬರೆದುಕೊಳ್ಳಿ. ಒಂದು ಬದಿಗೊಂದು ತರಹದ ಹೆಡ್ ಹಾಕಿರುವ ಎಂಜಿನ್‌ಗಳು ನನ್ನ ಬೆಂಚಿಗೆ ಎಷ್ಟೋ ಬಂದಿವೆ.

ಈಗ ಮೊದಲಿಗೇ ಹೇಳಿದ, ನೀವಿನ್ನೂ ನೋಡದ ಆ ಜಾಗದ ವಿಷಯ. ಬ್ಲಾಕ್‌ನ ಎಡಬದಿಯಲ್ಲಿ, ಆಯಿಲ್ ಫಿಲ್ಟರ್ ಕೂರುವ ಕಡೆ, ಅದರ ಮೇಲ್ಭಾಗದಲ್ಲಿ ಒರಟಾದ ಎರಕದ ಮೈಯಿದೆ. ಜಿಡ್ಡು, ಬಣ್ಣ, ಐವತ್ತು ವರ್ಷದ ಧೂಳು ಮೆತ್ತಿರುತ್ತದೆ. ಕಮಾರೊ, ಶೆವೆಲ್ ಮುಂತಾದ ಕಾರುಗಳ ಜೋಡಣೆ ಕಾರ್ಖಾನೆಗಳಲ್ಲಿ ಕಾರಿನ ಗುರುತಿನ ಸಂಖ್ಯೆಯ ಒಂದು ಭಾಗವನ್ನು ಕೆಲವೊಮ್ಮೆ ಮುಂಭಾಗದ ನಯವಾದ ಜಾಗದಲ್ಲೂ, ಕೆಲವೊಮ್ಮೆ ಇಲ್ಲಿಯೂ ಒತ್ತುತ್ತಿದ್ದರು. ಕಾರ್ವೆಟ್‌ನ ಸಂಖ್ಯೆ ನಯವಾದ ಜಾಗದಲ್ಲೇ ಇರುತ್ತಿತ್ತು. ನಿಮ್ಮದು ಕಾರ್ವೆಟ್‌ನ ಬ್ಲಾಕ್ ಆಗಿದ್ದರೆ ಅದರ ಜನ್ಮವೃತ್ತಾಂತ ಅರದ ಪಾಲಾಯಿತು. ಬೇರೆ ಕಾರಿನದಾಗಿದ್ದರೆ, ‘ಐಟಿ’ ಒತ್ತಿದ ಮಹಾಶಯ ಫಿಲ್ಟರಿನ ಬದಿಗೆ ಬಗ್ಗಿ ನೋಡಿರಲಾರ.

ಮರಳುಕಾಗದ, ತಂತಿಬ್ರಷ್, ಗ್ರೈಂಡರ್ ಯಾವುದನ್ನೂ ಹತ್ತಿರ ತರಬೇಡಿ. ಬಣ್ಣ ತೆಗೆಯುವ ದ್ರಾವಣ, ನೈಲಾನ್ ಬ್ರಷ್, ಹಳೆಯ ಬಟ್ಟೆ, ಸ್ವಲ್ಪ ತಾಳ್ಮೆ ಸಾಕು. ಗ್ಯಾರೇಜಿನ ಬಾಗಿಲು ತೆರೆದಿಡಿ, ಕೈಗವಸು ಹಾಕಿಕೊಳ್ಳಿ. ಆಮೇಲೆ ಓರೆಯಾಗಿ ಟಾರ್ಚ್ ಹಿಡಿದು ನೋಡಿ. ಸ್ಪಷ್ಟವಾಗದಿದ್ದರೆ ನಮ್ಮೂರಿನ ಹಳೆಯ ಉಪಾಯ ಇದೆಯಲ್ಲ: ಆರ್‌ಟಿಒ ಕಚೇರಿಗೆ ಕೊಡಲು ಚಾಸಿಸ್ ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು. ಅದನ್ನೇ ಮಾಡಿ. ಒರಟು ಮೈಮೇಲೆ ಕಣ್ಣಿಗೆ ಕಾಣದ ಅಂಕಿ ಕಾಗದದ ಮೇಲೆ ಮೂಡುವುದುಂಟು.

‘19’ರಿಂದ ಶುರುವಾಗಿ, ಒಂದು ಅಕ್ಷರ, ಅದರ ಮುಂದೆ ಆರು ಅಂಕಿ ಕಂಡರೆ ನಿಮ್ಮ ಅದೃಷ್ಟ. 1 ಎಂದರೆ ಷೆವರ್ಲೆ, 9 ಎಂದರೆ 1969ರ ಮಾದರಿ, ಅಕ್ಷರ ಕಾರು ಜೋಡಿಸಿದ ಊರು. ‘ಎನ್’ ಆದರೆ ಒಹಾಯೊದ ನಾರ್ವುಡ್, ‘ಎಸ್’ ಆದರೆ ಸೇಂಟ್ ಲೂಯಿಸ್. ಮುಂದಿನ ಆರು ಅಂಕಿ ಆ ಕಾರಿನ ಕ್ರಮಸಂಖ್ಯೆ. ಆ ಕಾರು ಇನ್ನೂ ಇದ್ದರೆ, ಅದರ ಮಾಲೀಕನಿಗೆ ಈ ಬ್ಲಾಕ್ ಬೇರೆ ಯಾರಿಗಿಂತ ಹೆಚ್ಚು ಬೇಕು. ಒಂದೇ ಮಾದರಿಯ ಮಾಲೀಕರು ಸೇರಿ ನಡೆಸುವ ನೋಂದಣಿ ಪಟ್ಟಿಗಳಿವೆ. ಅಲ್ಲಿ ಪೂರ್ತಿ ಸಂಖ್ಯೆ ಹಾಕಬೇಡಿ, ಕೊನೆಯ ಎರಡು ಅಂಕಿ ಮರೆಮಾಡಿ. ಪೂರ್ತಿ ಕೊಟ್ಟರೆ ಆ ಸಂಖ್ಯೆಯನ್ನೇ ಇನ್ನೊಂದು ಬ್ಲಾಕ್‌ಗೆ ಒತ್ತಿಕೊಳ್ಳುವ ಪುಣ್ಯಾತ್ಮರಿದ್ದಾರೆ.

ಅರೆದ ಜಾಗದ ಅಡಿಯಲ್ಲಿ ಹಳೆಯ ಒತ್ತುಗುರುತು ಸಿಕ್ಕೀತೇ ಎಂದೂ ನೀವು ಯೋಚಿಸಬಹುದು. ಪಂಚು ಬಿದ್ದಲ್ಲಿ ಲೋಹ ಒಳಗೂ ಒತ್ತಿಕೊಂಡಿರುತ್ತದೆ. ಮೇಲಿನ ಪದರ ಅರೆದರೂ, ಆಮ್ಲ ಸವರಿದಾಗ ಹಳೆಯ ಅಂಕಿಗಳ ನೆರಳು ಮೂಡಿಸುವ ವಿಧಾನ ವಿಧಿವಿಜ್ಞಾನದಲ್ಲಿದೆ. ಎರಕದ ಕಬ್ಬಿಣದಲ್ಲಿ ಅದು ಕೈಕೊಡುವುದೇ ಹೆಚ್ಚು. ನೀವಾಗಿಯೇ ಆಮ್ಲ ತಂದು ಪ್ರಯೋಗಕ್ಕಿಳಿದರೆ ಇರುವ ನೆರಳೂ ಹೋಗುತ್ತದೆ. ಬೆಲೆಯ ಲೆಕ್ಕದಲ್ಲಿ ಈ ದಾರಿ ಲಾಭದ್ದಲ್ಲ ಎಂಬುದು ನನ್ನ ಅಭಿಪ್ರಾಯ.

‘ಐಟಿ’ಯನ್ನು ಅಳಿಸಿಬಿಡಲೇ ಎಂಬ ಯೋಚನೆ ಬಂದಿದ್ದರೆ ಅದನ್ನೂ ಬಿಡಿ. ಈಗ ಇರುವುದು ಹೇಗಿದೆಯೋ ಹಾಗೇ ಇರಲಿ, ಚಿತ್ರ ತೆಗೆದಿಡಿ. ಅಮೆರಿಕದಲ್ಲಿ ವಾಹನದ ಗುರುತಿನ ಸಂಖ್ಯೆಯನ್ನು ಅಳಿಸುವುದು, ಬದಲಿಸುವುದು ಫೆಡರಲ್ ಅಪರಾಧ. ನೀವು ಅಳಿಸಿದ್ದೇನು, ಬಿಟ್ಟದ್ದೇನು ಎಂದು ಮುಂದೆ ಸಮಜಾಯಿಷಿ ಕೊಡುವ ಸ್ಥಿತಿಗೆ ಯಾಕೆ ಬೀಳಬೇಕು?

ಚಾಲೂ ಮಾಡಿ ತೋರಿಸುವ ಮಾತಿಗೆ ಖಂಡಿತ ಬೇಡ ಎನ್ನುತ್ತೇನೆ. ವರ್ಷಗಟ್ಟಲೆ ನಿಂತ ಎಂಜಿನ್‌ನಲ್ಲಿ ರಿಂಗುಗಳು ಬೋರ್‌ಗೆ ಅಂಟಿರುತ್ತವೆ, ಎಲ್ಲೋ ಒಂದು ವಾಲ್ವ್ ತೆರೆದೇ ಸಿಕ್ಕಿಕೊಂಡಿರುತ್ತದೆ. ಸ್ಟಾರ್ಟರ್ ಹಾಕಿ ತಿರುಗಿಸಿದರೆ ಪುಶ್‌ರಾಡ್ ಬಾಗುತ್ತದೆ, ತುಕ್ಕಿನ ಚೂರು ಬೋರನ್ನು ಗೀರುತ್ತದೆ. ಹತ್ತು ನಿಮಿಷದ ಸದ್ದಿಗಾಗಿ ಬ್ಲಾಕ್‌ನ ಬೆಲೆಯೇ ಕರಗುತ್ತದೆ. ಸ್ಪಾರ್ಕ್ ಪ್ಲಗ್ ತೆಗೆದು ಪ್ರತಿ ಸಿಲಿಂಡರ್‌ಗೂ ಸ್ವಲ್ಪ ತೆಳು ಎಣ್ಣೆ ಬಿಟ್ಟು ಪ್ಲಗ್ ಮುಚ್ಚಿಡಿ. ಇಷ್ಟೇ ನಿಮ್ಮ ಕೆಲಸ. ಹೊಸ ಬಣ್ಣವೂ ಬೇಡ. ತಿಳಿದ ಗಿರಾಕಿಗೆ ಹೊಸ ಬಣ್ಣ ಕಂಡರೆ ಮೊದಲು ಬರುವ ಯೋಚನೆ, ಕೆಳಗೆ ಏನು ಮುಚ್ಚಿದ್ದಾರೆ ಎಂಬುದೇ.

ಮಿಶಿಗನ್‌ನ ಚಳಿಯಲ್ಲಿ ನಿಂತ ಎಂಜಿನ್ ಎಂದಮೇಲೆ ನನ್ನ ದೊಡ್ಡ ಆತಂಕ ಸಂಖ್ಯೆಗಳದ್ದಲ್ಲ, ನೀರಿನದ್ದು. ಎಂಜಿನ್ ತಂಪಾಗಿಡುವ ನೀರಿನ ಗೂಡಿನಲ್ಲಿ ಬರಿಯ ನೀರು ಉಳಿದಿದ್ದು ಹೆಪ್ಪುಗಟ್ಟಿದ್ದರೆ ಬ್ಲಾಕ್‌ನ ಪಕ್ಕದ ಗೋಡೆ, ಕೆಲವೊಮ್ಮೆ ಒಳಗೆ ಕಾಣದ ಕಡೆ, ಸೀಳಿರುತ್ತದೆ. ನೀರಿನ ಗೂಡಿನಿಂದ ಹಿಗ್ಗಿ ಹೊರಬಿದ್ದ ಮುಚ್ಚಳ, ಪಕ್ಕದಲ್ಲಿ ಉದ್ದುದ್ದ ತುಕ್ಕಿನ ಎಳೆ ಇವೆಯೇ ನೋಡಿ. ಇಂಥ ಸೀಳಿರುವ ಬ್ಲಾಕ್‌ಗೆ ಯಾವ ಸಂಖ್ಯೆಯಿದ್ದರೂ ಬೆಲೆ ನೆಲಕ್ಕೆ ಬೀಳುತ್ತದೆ. ಅದಕ್ಕೇ ಹೇಳುವುದು, ಬೆಲೆ ಕಟ್ಟುವ ಮುಂಚೆ ಹಳೆಯ ಅಮೆರಿಕನ್ ವಿ8ಗಳನ್ನು ನೋಡಿ ಅಭ್ಯಾಸವಿರುವ ಒಂದು ಬೋರಿಂಗ್ ಶಾಪ್‌ಗೆ ಒಯ್ಯಿರಿ. ಹೆಡ್ ಮತ್ತು ಸಂಪ್ ಬಿಚ್ಚಿ, ಬೋರ್ ಅಳೆದು, ಕಾಂತಕಣಗಳಿಂದ ಸೀಳು ಹುಡುಕಿ, ಶಬ್ದತರಂಗದ ಉಪಕರಣದಿಂದ ಸಿಲಿಂಡರ್ ಗೋಡೆಯ ದಪ್ಪ ನೋಡಿ, ಎಲ್ಲವನ್ನೂ ಸಹಿಯೊಂದಿಗೆ ಬರೆದು ಕೊಡಲಿ. ಕೆಲವು ನೂರು ಡಾಲರ್ ಆಗುತ್ತದೆ, ಸಾಗಾಟ ಬೇರೆ. ಎಂಜಿನ್ ತೂಕ 300 ಕಿಲೋ ಮೀರುತ್ತದೆ. ಗೆಳೆಯರ ಭುಜಬಲ ನಂಬಿ ಎತ್ತಿಸಬೇಡಿ, ಚೈನ್ ಹೋಯ್ಸ್ಟ್ ಬಾಡಿಗೆಗೆ ಸಿಗುತ್ತದೆ.

ಬೋರ್ ಇನ್ನೂ ಮೂಲ ಅಳತೆಯ 4.251 ಇದ್ದರೆ ಅದೊಂದು ದೊಡ್ಡ ಗುಣ. 0.030 ಇಂಚು ಕೊರೆಸಿದ್ದರೂ ಚಿಂತೆಯಿಲ್ಲ. 0.060 ದಾಟಿದ್ದರೆ ಇನ್ನೊಂದು ಸಲ ಕೊರೆಯಲು ಲೋಹ ಹೆಚ್ಚು ಉಳಿದಿರುವುದಿಲ್ಲ, ಕೊಳ್ಳುವವನು ಅದನ್ನು ಬೆಲೆಯಲ್ಲಿ ಕಳೆಯುತ್ತಾನೆ.

ಕಾರ್ಬ್ಯುರೇಟರಿನ ಡಬ್ಬಿಯನ್ನು ಎಂಜಿನ್‌ನ ಜೊತೆ ಉಚಿತವಾಗಿ ಕೊಡುವ ತಪ್ಪು ಮಾಡಬೇಡಿ. ಅದರ ಮೇಲ್ತುದಿಯಲ್ಲಿ ‘ಲಿಸ್ಟ್’ ಎಂದು ಒತ್ತಿ ಒಂದು ಸಂಖ್ಯೆ, ಕೆಳಗೆ ಮೂರಂಕಿಯ ದಿನಾಂಕ ಇರುತ್ತದೆ. ಕಾರಿನ ಜೊತೆ ಬಂದ ಹಾಲಿಗೂ ಅಂಗಡಿಯಲ್ಲಿ ಕೊಂಡ ಹಾಲಿಗೂ ಇರುವ ವ್ಯತ್ಯಾಸ ಆ ಸಂಖ್ಯೆಯಲ್ಲಿದೆ. ಕಾರನ್ನು ಹುಟ್ಟಿದಾಗಿನಂತೆ ಮಾಡಲು ಹೊರಟವರು ಸರಿಯಾದ ದಿನಾಂಕದ ಕಾರ್ಬ್ಯುರೇಟರಿಗೆ ಒಳ್ಳೆಯ ಬೆಲೆ ಕೊಡುತ್ತಾರೆ. ಮೇಲಿನ ಇನ್‌ಟೇಕ್ (ಕಾರ್ಬ್ಯುರೇಟರಿನಿಂದ ಹೆಡ್‌ಗಳಿಗೆ ಗಾಳಿ ಒಯ್ಯುವ ಭಾಗ) ಅಲ್ಯೂಮಿನಿಯಂನದಾಗಿದ್ದರೆ ಅದರಲ್ಲಿ ಹಿಮದ ಹರಳಿನಂಥ ಮುದ್ರೆ ಇದೆಯೇ ನೋಡಿ. ಅದು ಆ ಕಾಲದಲ್ಲಿ ಷೆವರ್ಲೆಗೆ ಎರಕ ಹೊಯ್ದು ಕೊಡುತ್ತಿದ್ದ ವಿಂಟರ್ಸ್ ಕಂಪನಿಯ ಗುರುತು. ಡಿಸ್ಟ್ರಿಬ್ಯೂಟರಿನ ಮೇಲಿನ ಸಂಖ್ಯೆಯನ್ನೂ ಬರೆದಿಡಿ.

ಇನ್ನು 4,500 ಡಾಲರ್. ಒಳಗಿರುವುದು 454ರ ಎರಕದ ಕ್ರ್ಯಾಂಕ್, ಹೆಡ್‌ಗಳು ಸಾಮಾನ್ಯದವು, ಬೋರ್ ಈಗಾಗಲೇ ಕೊರೆದದ್ದು ಎಂದಾದರೆ ಆತ ಉದಾರಿ, ಅಥವಾ ‘ಐಟಿ’ ನೋಡಿ ಆಸೆಪಟ್ಟವನು. ನಾಲ್ಕು ಬೋಲ್ಟಿನ ಬ್ಲಾಕ್, ಉಕ್ಕಿನ ಕ್ರ್ಯಾಂಕ್, 3919842 ಹೆಡ್‌ಗಳ ಜೋಡಿ, ಒಳ್ಳೆಯ ದಿನಾಂಕದ ಕಾರ್ಬ್ಯುರೇಟರ್ ಎಲ್ಲ ಒಟ್ಟಿಗಿದ್ದರೆ ಆ ಬೆಲೆ ಕಡಿಮೆಯೆಂದು ಧೈರ್ಯವಾಗಿ ಹೇಳುತ್ತೇನೆ. ಎರಡರಲ್ಲೂ ಇದು ಸಾವಿರಗಳ ಲೆಕ್ಕ. ಅದಕ್ಕಿಂತ ಮೇಲೇರಬೇಕಾದರೆ ಫಿಲ್ಟರಿನ ಬದಿಯಲ್ಲಿ ಯಾವುದೋ ಅಪರೂಪದ ಕಾರಿನ ಸಂಖ್ಯೆ ಸಿಗಬೇಕು. ಹಾಗೆ ಸಿಕ್ಕರೂ ಒಂದು ಲಕ್ಷ ಎಂದು ಕನಸು ಕಟ್ಟಬೇಡಿ.

ತಪಾಸಣೆಯ ವರದಿ ಇಟ್ಟುಕೊಂಡು ಇಡಿಯಾಗಿ ಮಾರುವುದು ನಾನು ಹೇಳುವ ದಾರಿ. ಬಿಡಿಬಿಡಿಯಾಗಿ ಮಾರಿದರೆ ಒಟ್ಟು ಮೊತ್ತ ಹೆಚ್ಚಾಗಬಹುದು. ಆದರೆ ಒಳ್ಳೆಯ ಭಾಗಗಳು ಮೊದಲ ವಾರವೇ ಹೋಗಿ, ಯಾರೂ ಕೇಳದ ಉಳಿಕೆಗಳು ನಿಮ್ಮ ಗ್ಯಾರೇಜಿನಲ್ಲೇ ಬೇರು ಬಿಡುತ್ತವೆ; ಮನೆಯವರ ಮಾತೂ ಕೇಳಬೇಕಾಗುತ್ತದೆ. ಪೂರ್ತಿ ಎಂಜಿನ್ ಹೊಸದಾಗಿ ಕಟ್ಟಿಸಿ, ಡೈನೊ ಮೇಲೆ ಶಕ್ತಿ ಅಳೆದ ಹಾಳೆ ಸಹಿತ ಮಾರುವ ಯೋಚನೆ ಕೆಲವರಿಗೆ ಬರುತ್ತದೆ. ಖರ್ಚು ಹತ್ತು ಸಾವಿರ ಡಾಲರ್ ದಾಟುವುದು ಸುಲಭ. ಹಾಕಿದ ಹಣ ವಾಪಸು ಬರುವುದು ಅಪರೂಪ, ಏಕೆಂದರೆ ಕೊಳ್ಳುವವನಿಗೆ ಕ್ಯಾಮ್, ಪಿಸ್ಟನ್ ತನ್ನಿಷ್ಟದ್ದೇ ಬೇಕು. ಈಗಲೇ ನಗದಿಗೆ ಕೊಟ್ಟುಬಿಡುವುದೂ ತಪ್ಪಲ್ಲ, ತಲೆನೋವು ಬೇಡವೆನಿಸಿದರೆ. ಆದರೆ ಒಂದು ಸಂಜೆ ಆ ಫಿಲ್ಟರಿನ ಬದಿ ನೋಡುವಷ್ಟಾದರೂ ತಡೆಯಿರಿ. ಆತ ‘ಇವತ್ತೇ’ ಎಂದು ಅವಸರಿಸುತ್ತಿದ್ದರೆ, ಆ ಬದಿಯನ್ನು ಆತ ಆಗಲೇ ನೋಡಿರಲೂಬಹುದು.

ಮಾರುವ ಹಕ್ಕಿನ ಪ್ರಶ್ನೆ. ಬಿಡಿ ಎಂಜಿನ್‌ಗೆ ಕಾರಿಗಿರುವಂಥ ಮಾಲೀಕತ್ವದ ಪತ್ರ ಇರುವುದಿಲ್ಲ. ಆದ್ದರಿಂದ ಮೊದಲಿನ ಮಾಲೀಕರ ಮಗನಿಗೆ ಇಮೇಲ್ ಹಾಕಿ, ‘ಗ್ಯಾರೇಜಿನ ಎಂಜಿನ್ ಮನೆಯ ಜೊತೆಗೆ ನಿಮಗೆ ಬಿಟ್ಟುಕೊಟ್ಟಿದ್ದೇವೆ’ ಎಂದು ಬರೆಸಿಕೊಳ್ಳಿ. ತಂದೆ ಅದನ್ನು ಯಾರಿಂದ, ಯಾವಾಗ ತಂದರೆಂದು ಕೇಳಿ. ಹಳೆಯ ರಸೀದಿಯೊಂದು ಸಿಕ್ಕರೂ ಪ್ರಯೋಜನ. ಬ್ಲಾಕ್‌ನಲ್ಲಿ ಕಾರಿನ ಸಂಖ್ಯೆ ಕಂಡರೆ, ಮಾರುವ ಮುಂಚೆ ಸ್ಥಳೀಯ ಪೊಲೀಸರ ಬಳಿ ಅದು ಕಳವಿನ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿ. ಇದ್ದರೆ ಎಂಜಿನ್ ಕೈಬಿಟ್ಟು ಹೋಗಬಹುದು. ಆ ಅಪಾಯವನ್ನು ಮುಚ್ಚಿಟ್ಟು ಮಾರಿದರೆ ಕೊಂಡವನ ಜೊತೆ ನೀವೂ ವಿವಾದಕ್ಕೆ ಸಿಲುಕುತ್ತೀರಿ.

ಜಾಹೀರಾತಿನಲ್ಲಿ ‘ಎಲ್88’ ಎಂಬ ಪದವನ್ನು ‘ಇರಬಹುದು’, ‘ಎನ್ನುತ್ತಾರೆ’ ಎಂಬ ಬಾಲ ಸೇರಿಸಿಯೂ ಬಳಸಬೇಡಿ. ಆ ಚೀಟಿಯನ್ನು ಎಂಜಿನ್‌ನಿಂದ ಬಿಚ್ಚಿ ನಿಮ್ಮ ಬಳಿ ಇಟ್ಟುಕೊಳ್ಳಿ. ಮಾರಾಟದ ರಸೀದಿಯಲ್ಲಿ ಹೀಗೆ ಬರೆದು ಇಬ್ಬರೂ ಸಹಿ ಹಾಕಿ: ‘ಷೆವರ್ಲೆ ದೊಡ್ಡ ವಿ8 ಎಂಜಿನ್, ಬ್ಲಾಕ್ ಎರಕದ ಸಂಖ್ಯೆ 3963512, ಎರಕದ ದಿನಾಂಕ ಜೂನ್ 12, 1969. ಮುಂಭಾಗದ ಸಂಕೇತದ ಜಾಗವನ್ನು ಅರೆದು ಮತ್ತೆ ಒತ್ತಲಾಗಿದೆ. ಅಲ್ಲಿರುವ ‘ಐಟಿ’ ಕಾರ್ಖಾನೆಯದಲ್ಲ. ತಪಾಸಣೆಯ ವರದಿ ಲಗತ್ತಿಸಿದೆ. ಇದ್ದ ಸ್ಥಿತಿಯಲ್ಲೇ ಮಾರಲಾಗಿದೆ.’ ವರದಿಯ ಒಂದು ಪ್ರತಿ ಮತ್ತು ಸಂಕೇತದ ಜಾಗದ ಚಿತ್ರ ನಿಮ್ಮ ಬಳಿಯೂ ಇರಲಿ.